ಸಂಪಿನಿಂದ ಒಂದು ಮೊಳ

‘ಮಗುವನ್ನು ಕಟ್ಟಿ ಹಾಕಿದ್ದಾರೆ’ ಎಂದು ನಾನು ಫೋನಿನಲ್ಲಿ ಹೇಳಿ ಇವತ್ತಿಗೆ ಒಂಬತ್ತು ದಿನ. ‘ಕಟ್ಟಿದ್ದಾರೆ’ ಎಂದಿದ್ದರೆ ಸಾಕಿತ್ತು. ‘ಹಾಕಿದ್ದಾರೆ’ ಯಾಕೆ ಸೇರಿಸಿದೆನೋ! ಕಟ್ಟಿ ಹಾಕುವುದು ಕಳ್ಳನನ್ನು, ಕಚ್ಚುವ ನಾಯಿಯನ್ನು. ಮಗಳಿಗೆ ರಾಗಿ ಸರಿ ತಿನ್ನಿಸುವಾಗ, ಆಫೀಸಿನ ಮೀಟಿಂಗಿನಲ್ಲಿ ಮ್ಯೂಟ್ ಒತ್ತಿ ಕೂತಿರುವಾಗ, ಆ ಮಾತು ಬಂದು ಎದುರಿಗೆ ನಿಲ್ಲುತ್ತದೆ.

ನಾನು ಹೇಳಿದ್ದು ಶೋಭಾರಾಣಿಯ ಬಗ್ಗೆ. ಜಿಗಣಿ ರಸ್ತೆಯಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಕಾಂಪೌಂಡಿನಾಚೆ, ವಸಂತಮ್ಮನವರ ಖಾಲಿ ಸೈಟಿನಲ್ಲಿ ಇಸ್ತ್ರಿ ಗಾಡಿ ನಿಲ್ಲಿಸಿಕೊಂಡಿರುವ ಹೆಂಗಸು. ವಯಸ್ಸು ಇಪ್ಪತ್ತೈದೋ ಇಪ್ಪತ್ತಾರೋ. ಹುಟ್ಟಿದ್ದು ಆನೇಕಲ್ಲಿನಲ್ಲಿ, ರೇಷ್ಮೆ ಸೀರೆ ನೇಯುವವರ ಬೀದಿಯಲ್ಲಿ. ತಾಯಿ ಬೇರೆಯವರ ಮಗ್ಗದಲ್ಲಿ ಕೂಲಿಗೆ ಕೂರುತ್ತಿದ್ದಳಂತೆ. ಹತ್ತನೇ ತರಗತಿ ಮುಗಿಸಿ ಗಾರ್ಮೆಂಟ್ಸ್ ಸೇರಿದ ಶೋಭಾರಾಣಿಗೆ ಅಲ್ಲಿಯೇ ಇಸ್ತ್ರಿ ಕೈಗೆ ಹತ್ತಿತು. ಗಂಡ ನಂದೀಶ್‌ಗೆ ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ಹನ್ನೆರಡು ಗಂಟೆಯ ಶಿಫ್ಟು. ಮಗಳು ಇಂಚರ ಹುಟ್ಟಿದಾಗ ನೋಡಿಕೊಳ್ಳುವವರಿಲ್ಲದೆ ಗಾರ್ಮೆಂಟ್ಸ್ ಬಿಟ್ಟು ಈ ಗಾಡಿ ಮಾಡಿಕೊಂಡಳು. ಇಂಚರಳಿಗೆ ಈಗ ಒಂದೂವರೆ ವರ್ಷ. ಅಂಗನವಾಡಿಗೆ ಕಳಿಸಲು ಮೂರಾಗಬೇಕು.

ಇಪ್ಪತ್ತೆಂಟು ಮನೆಗಳ ಬಟ್ಟೆಗೆ ಅವಳು ಗುರುತು ಹಾಕುವುದಿಲ್ಲ. ಮೂಸಿ ನೋಡಿ ಯಾವ ಮನೆಯ ಸೋಪು ಎಂದು ಹೇಳುತ್ತಾಳೆ. ಮುಚ್ಚಳಕ್ಕೆ ತೂತು ಹೊಡೆದ ಬಾಟಲಿಯಿಂದ ನೀರು ಚಿಮುಕಿಸಿ, ಇದ್ದಿಲಿನ ಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಇಡುವ ಮೊದಲು ಕೆನ್ನೆಯ ಹತ್ತಿರ ತಂದು ಕಾವು ನೋಡುತ್ತಾಳೆ. ನನ್ನ ಗಂಡ ಮಲ್ಲಿಕ್‌ನ ಅಂಗಿಗಳನ್ನು ಮೊದಲ ಸಲ ಕೊಟ್ಟಾಗ, “ಅಕ್ಕ, ಅಣ್ಣನ ಹತ್ರ ಹತ್ತು ಶರ್ಟ್ ಐತಾ, ಇಲ್ಲ ಒಂದೇ ಶರ್ಟ್ ಹತ್ತು ಸಲ ಕೊಟ್ರಾ?” ಎಂದು ಕೇಳಿದ್ದಳು. ಹತ್ತೂ ತಿಳಿ ನೀಲಿ.

ಆ ಮಂಗಳವಾರ ಬೆಳಿಗ್ಗೆ ಮೂರನೇ ಮಹಡಿಯ ಬಾಲ್ಕನಿಯಿಂದ ಕೆಳಗೆ ನೋಡಿದಾಗ ಇಂಚರಳ ಸೊಂಟಕ್ಕೆ ಒಂದು ಹಳೆ ಸೀರೆ. ಅದರ ಇನ್ನೊಂದು ತುದಿ ಗಾಡಿಯ ಚಕ್ರಕ್ಕೆ. ಮಗು ಸೀರೆ ಎಳೆದಷ್ಟೂ ಮುಂದೆ ಬಂದು, ಮುಂದಕ್ಕೆ ಹೋಗಲಾಗದೆ ಕಿರುಚಿ ಅಳುತ್ತಿತ್ತು. ಶೋಭಾರಾಣಿ ಬೆನ್ನು ತಿರುಗಿಸಿ ಇಸ್ತ್ರಿ ಮಾಡುತ್ತಿದ್ದಳು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆ. ಹೆಸರು ಕೇಳಿದರು. ಬೇಡ ಎಂದೆ.

ಮಗುವಿನ ಮುಂದೆ ಏನಿತ್ತು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಇದ್ದದ್ದು ವಸಂತಮ್ಮನವರು ಪಿಜಿ ಕಟ್ಟಿಸಲೆಂದು ತೋಡಿಸಿದ್ದ ಸಂಪು. ಮುಚ್ಚಳವಿಲ್ಲದ, ಅರ್ಧ ನೀರು ತುಂಬಿದ ಚೌಕದ ಗುಂಡಿ. ತಿಂಗಳಿಂದ ದಿನಾ ನೋಡುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಜೀಪು ಬಂತು. ಮಗುವನ್ನು ಕರೆದುಕೊಂಡು ಹೋಗಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನಿಲ್ಲಿಸಿ, ಶಿಶುಮಂದಿರಕ್ಕೆ ಸೇರಿಸಿದರು. ಗಂಡಹೆಂಡಿರಿಬ್ಬರ ಮೇಲೂ ಬಾಲ ನ್ಯಾಯ ಕಾಯ್ದೆಯ ಎಪ್ಪತ್ತೈದನೇ ಸೆಕ್ಷನ್ ಬಿತ್ತು. ಮೊಬೈಲಿನಲ್ಲಿ ತೆಗೆದು ಓದಿದೆ. ಮಗುವನ್ನು ನೋಡಿಕೊಳ್ಳಬೇಕಾದವರೇ ಬೇಕೆಂದು ನಿರ್ಲಕ್ಷಿಸಿದರೆ, ಅನಗತ್ಯವಾಗಿ ನೋವು ಕೊಟ್ಟರೆ, ಮೂರು ವರ್ಷದವರೆಗೆ ಜೈಲು. ಬೇಕೆಂದು, ಅನಗತ್ಯವಾಗಿ. ಈ ಎರಡು ಮಾತಿನ ಮೇಲೆ ಬೆರಳಿಟ್ಟುಕೊಂಡು ಎಷ್ಟೋ ಹೊತ್ತು ಕೂತಿದ್ದೆ.

ಅದೇ ವಾರ ನನ್ನ ಮಗಳು ಮಂಚದಿಂದ ಉರುಳಿ ಬಿದ್ದು ಹಣೆ ಊದಿಸಿಕೊಂಡಳು. ನಾನು ಪಕ್ಕದ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದಿದ್ದೆ. ಡಾಕ್ಟರು ನಕ್ಕು, “ಮಕ್ಕಳು ಬೀಳ್ತಾವೆ ಬಿಡಿ ಮೇಡಂ” ಎಂದರು.

ನಿನ್ನೆ ಮಧ್ಯಾಹ್ನ ಕಾಲಿಂಗ್ ಬೆಲ್ ಆಯಿತು. ಬಾಗಿಲಲ್ಲಿ ಶೋಭಾರಾಣಿ, ಕೈಯಲ್ಲಿ ನಮ್ಮ ಬಟ್ಟೆಯ ಗಂಟು.

“ತಡ ಆಯ್ತು ಅಕ್ಕ. ಸ್ಟೇಷನ್ನು, ಆಫೀಸು ಅಂತ ಓಡಾಡ್ತಾ ಇದ್ದೆ. ಎಲ್ಲಾ ಐತಾ ನೋಡ್ಕೊಳ್ಳಿ.”

ಒಳಗೆ ಕರೆದೆ. ಹೊಸ್ತಿಲಲ್ಲೇ ನಿಂತಳು. ನನ್ನ ಮಗಳನ್ನು ನೋಡಿ ಕೈ ಚಾಚಿದವಳು ಅರ್ಧಕ್ಕೇ ಹಿಂದೆ ತೆಗೆದುಕೊಂಡಳು.

“ಇಂಚರ ಹೇಗಿದ್ದಾಳೆ?”

“ಎರಡು ಸಲ ನೋಡೋಕೆ ಬಿಟ್ರು. ಊಟ ಮಾಡ್ತಾಳಂತೆ. ನನ್ನ ನೋಡಿದ್ರೆ ಅಳ್ತಾಳೆ, ಅದಕ್ಕೆ ಜಾಸ್ತಿ ಬರಬೇಡಿ ಅಂದ್ರು.” ಮೂಗು ಒರೆಸಿಕೊಂಡಳು. “‘ಸಂಪ್ ತೆರೆದಿತ್ತು ಸಾರ್, ಅದಕ್ಕೇ ಕಟ್ಟಿದ್ದೆ’ ಅಂತ ಹೇಳಿದ್ರೆ ಯಾರೂ ನಂಬ್ತಿಲ್ಲ ಅಕ್ಕ. ಅವತ್ತು ಪಾಪುನ ಕರ್ಕೊಂಡು ಹೋಗ್ತಿದ್ದಂಗೇ ವಸಂತಮ್ಮೋರು ಚಪ್ಪಡಿ ಹಾಕ್ಸಿಬಿಟ್ರು. ಮಾರನೇ ದಿನ ಪೊಲೀಸ್ನೋರು ಬಂದು ನೋಡಿದ್ರೆ ಸಂಪ್ ಮುಚ್ಚೈತೆ. ಸುಳ್ಳು ಹೇಳ್ತೀಯಾ ಅಂತ ನನಗೇ ಬೈದ್ರು. ನಮ್ಮಮ್ಮನೂ ನನ್ನ ಮಗ್ಗದ ಕಂಬಕ್ಕೆ ಕಟ್ಟೋಳು. ಅದು ತಪ್ಪು ಅಂತ ಗೊತ್ತೇ ಇರಲಿಲ್ಲ. ಅಳತೆ ನೋಡಿ ಕಟ್ಟಿದ್ದೆ ಅಕ್ಕ, ಸಂಪಿಂದ ಒಂದು ಮೊಳ ಈಚೆಗೇ ನಿಲ್ಲೋ ಹಂಗೆ.”

ಬಟ್ಟೆಯ ಗಂಟನ್ನು ಕುರ್ಚಿಯ ಮೇಲಿಟ್ಟೆ.

“ನೀವು ಬಾಲ್ಕನೀಲಿ ನಿಲ್ತಿರ್ತೀರಲ್ಲ, ತೆರೆದಿದ್ದು ನೋಡಿದ್ರಾ?” ಸೆರಗಿನಿಂದ ಒಂದು ಚೀಟಿ ಬಿಚ್ಚಿದಳು. “ಇದು ಮಕ್ಕಳ ರಕ್ಷಣಾ ಘಟಕದ ಅಮರೇಶ್ ಸಾರ್ ನಂಬರ್. ನೋಡಿದೋರು ಯಾರಾದ್ರೂ ಇದ್ರೆ ಮಾತಾಡ್ಸು ಅಂದವ್ರೆ. ನಾಡಿದ್ದು ಸಮಿತಿ ಕೂರ್ತೈತೆ. ಪಾಪುನ ಕೊಡ್ಬೇಕಾ, ಅಲ್ಲೇ ಇಟ್ಕೋಬೇಕಾ ಅಂತ ಹೇಳ್ತಾರಂತೆ.”

ಚೀಟಿ ತೆಗೆದುಕೊಂಡೆ. ದೂರು ಕೊಟ್ಟವಳು ನಾನೇ ಎಂದು ಅವಳಿಗೆ ಗೊತ್ತಿಲ್ಲ. ಹೇಳಲು ಬಾಯಿ ತೆರೆದು, “ನೋಡ್ತೀನಿ” ಎಂದಷ್ಟೇ ಅಂದೆ.

ಮಲ್ಲಿಕ್‌ಗೆ ಹೇಳಿದೆ. “ನಿನ್ನ ಹೆಸರು ಎಲ್ಲೂ ಇಲ್ಲ ಕಾವ್ಯಾ. ಈಗ ಹೇಳಿದ್ರೆ ಸ್ಟೇಷನ್ನು, ಕೋರ್ಟು, ಸಾಕ್ಷಿ ಅಂತ ಅಲೀಬೇಕು. ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಮರುದಿನವೇ ಸುದ್ದಿ. ಯೋಚನೆ ಮಾಡು” ಎಂದ. ಯೋಚನೆಯೇ ತಾನೇ ನಾನು ಮಾಡುತ್ತಿದ್ದದ್ದು.

ಇವತ್ತು ಮಗಳು ಮಲಗಿದ ಮೇಲೆ ಮಲ್ಲಿಕ್‌ನನ್ನು ಕಾವಲಿಗೆ ಕೂರಿಸಿ, ಶೋಭಾರಾಣಿ ತಂದುಕೊಟ್ಟ ಗಂಟಿನಿಂದ ಅವಳದರಷ್ಟೇ ಉದ್ದದ ಒಂದು ಕಾಟನ್ ಸೀರೆ ತೆಗೆದುಕೊಂಡು ಕೆಳಗಿಳಿದೆ. ಅವಳು ಇರಲಿಲ್ಲ. ಅವಳ ಹಳೆ ಸೀರೆಯನ್ನು ಪೊಲೀಸರು ಒಯ್ದಿದ್ದರೂ ಗಾಡಿ ಅಲ್ಲೇ ಇತ್ತು. ಚಕ್ರಕ್ಕೆ ನನ್ನ ಸೀರೆಯ ಒಂದು ತುದಿ ಕಟ್ಟಿದೆ. ಇನ್ನೊಂದು ತುದಿಯಲ್ಲಿ ಮಗುವಿನ ಸೊಂಟದಷ್ಟು ಕುಣಿಕೆ ಮಾಡಿ ಹಿಡಿದು, ಚಪ್ಪಡಿಯ ಕಡೆಗೆ ಬಗ್ಗಿ ನಡೆದೆ.

“ಅಯ್ಯೋ, ಇಸ್ತ್ರಿ ಮಾಡಿದ್ ಸೀರೇನ ಮಣ್ಣಾಗೆ ಎಳೀತಿದ್ದೀಯಲ್ಲವ್ವ! ಏನ್ ಬಂತು ನಿಂಗೆ?” ವಸಂತಮ್ಮ ಎದುರು ಮನೆಯ ಜಗಲಿಯಿಂದ ಕೂಗಿದರು.

“ಅಳೀತಿದ್ದೀನಿ ಅಮ್ಮ.”

ಸೀರೆ ಬಿಗಿಯಾಯಿತು. ನಿಂತಲ್ಲಿಂದ ಚಪ್ಪಡಿಯ ಅಂಚಿಗೆ ಮೊಣಕೈ ಇಟ್ಟು ನೋಡಿದೆ. ಸರಿಯಾಗಿ ಒಂದು ಮೊಳ.

ಅಷ್ಟರಲ್ಲಿ ವಸಂತಮ್ಮ ಹತ್ತಿರ ಬಂದಿದ್ದರು. “ಮುಚ್ಚಳ ಮೊದ್ಲಿಂದ್ಲೂ ಇತ್ತು ಕಣವ್ವ” ಎಂದರು, ನಾನು ಏನೂ ಕೇಳದಿದ್ದರೂ.

“ನಾನು ಮೇಲಿಂದ ದಿನಾ ನೋಡ್ತಿದ್ದೆ.”

ಅವರು ಚಪ್ಪಡಿಯ ಮೇಲಿನ ಮಣ್ಣನ್ನು ಕಾಲಿನಿಂದ ಸರಿಸಿದರು. “ಮೇಸ್ತ್ರಿ ನಾಳೆ ನಾಳೆ ಅಂತಿದ್ದ. ಜೀಪ್ ನೋಡಿ ಎದೆ ಒಡ್ಕಂತು, ಆಕುಸ್ಬುಟ್ಟೆ. ಈಗ ನನ್ ಎಸ್ರು ಬತ್ತದಾ?”

“ಬರಬಹುದು.”

“ಏಳುದ್ರೆ ಕೂಸು ಮನೀಗ್ ಬತ್ತದಾ?”

“ಗೊತ್ತಿಲ್ಲ ಅಮ್ಮ. ಹೇಳದೇ ಇದ್ರೆ ಬರೋದು ಕಷ್ಟ.”

ವಸಂತಮ್ಮ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು ನನ್ನ ಸೀರೆಯ ಗಂಟು ಬಿಚ್ಚತೊಡಗಿದರು. “ಏಳ್ಕೋ ಓಗು” ಎಂದರು, ತಲೆ ಎತ್ತದೆ.

ಮೇಲೆ ಬಂದು ಬಾಲ್ಕನಿಯಲ್ಲಿ ನಿಂತು ಚೀಟಿಯ ನಂಬರ್ ಒತ್ತಿದೆ. ಎರಡನೇ ರಿಂಗಿಗೇ ಎತ್ತಿದರು.

“ಅಮರೇಶ್ ಸಾರ್? ಇಂಚರ ಅನ್ನೋ ಮಗುವಿನ ಕೇಸು. ಅವತ್ತು 1098ಕ್ಕೆ ಫೋನ್ ಮಾಡಿದ್ದು ನಾನೇ. ಕಟ್ಟಿ ಹಾಕಿದ್ದಾರೆ ಅಂದಿದ್ದೆ. ಅದು ಹಾಗಲ್ಲ ಸಾರ್. ಮುಂದೆ ಸಂಪ್ ಬಾಯಿ ತೆರೆದಿತ್ತು, ಮಗು ಬೀಳದ ಹಾಗೆ ಅವರಮ್ಮ ಕಟ್ಟಿದ್ದರು. ನಾನು ಕಣ್ಣಾರೆ ನೋಡಿದ್ದೀನಿ.”

ಆ ಕಡೆ ಕಾಗದ ಮಗುಚುವ ಸದ್ದು. “ಇದನ್ನ ಬರೆದು ಕೊಡ್ತೀರಾ ಮೇಡಂ? ನಾಳೆ ಸಮಿತಿ ಮುಂದೆ ಬರ್ತೀರಾ?”

“ಬರ್ತೀನಿ.”

“ನಿಮ್ಮ ಹೆಸರು?”

ಈ ಸಲ ಹೇಳಿದೆ. ಫ್ಲ್ಯಾಟ್ ನಂಬರನ್ನೂ ಹೇಳಿದೆ.