ಕತ್ತರಿಸಿ ತೆಗೆದ ಏಳು ನಿಮಿಷ

ನೀರುಗಂಟಿ ನಮ್ಮ ಮನೆಗೆ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಒಳಗೆ ಬನ್ನಿ ಎಂದರೂ ಬರಲಿಲ್ಲ. ಹೊಸ್ತಿಲಾಚೆಯೇ ನಿಂತು, "ಕಟ್ ಮಾಡ್ತೀನಿ ಅಂದಿದ್ರಲ್ಲ ಮೇಡಂ" ಎಂದರು.

"ಮಾಡಿದೀವಲ್ಲ. ಹಾಕಿರೋದನ್ನ ನೀವೇ ಕೇಳಿದೀರಿ."

"ಕೇಳಿವ್ನಿ. ಅದ್ರಾಗೆ ಇಲ್ಲ. ಆದ್ರೆ ಅವ್ರಿಗೆ ಗೊತ್ತೈತೆ. ನಾನು ಏನೇನಂದೆ ಅಂತ ಒಂದಕ್ಸರ ಬಿಡ್ದಂಗೆ ಒಪ್ಪುಸ್ತಾವ್ರೆ. ನಿನ್ನೆ ಕೀಲಿಗೊಂಚಲು ಇಸ್ಕೊಂಡ್ರು. ನಾಳೆಯಿಂದ ಬರ್ಬ್ಯಾಡ ಅಂದ್ರು."

ಅಷ್ಟು ಹೇಳಿ, ನಾನು ಕೊಟ್ಟ ನೀರನ್ನೂ ಕುಡಿಯದೆ ಅವರು ಬಸ್ ಸ್ಟ್ಯಾಂಡಿನ ಕಡೆ ಹೊರಟುಹೋದರು.

ಆಗ ನಾವು ಪಾಡ್‌ಕಾಸ್ಟ್ ಶುರು ಮಾಡಿ ಎರಡು ವರ್ಷ ತುಂಬುತ್ತಿತ್ತು. ನಾವು ಅಂದರೆ ಇಬ್ಬರೇ. ನಾನು ಮೊದಲು ಜಿಲ್ಲೆಯ ಒಂದು ಸಣ್ಣ ಪತ್ರಿಕೆಗೆ ಅರಸೀಕೆರೆಯಿಂದ ಸುದ್ದಿ ಕಳಿಸುತ್ತಿದ್ದವಳು. ಪತ್ರಿಕೆ ನಿಂತಿತು, ಸುದ್ದಿ ಕೇಳಿಕೊಂಡು ತಿರುಗುವ ಚಟ ನಿಲ್ಲಲಿಲ್ಲ. ಇನ್ನೊಬ್ಬ ಬಾಣಾವರದವನು, ಮದುವೆ ಗೃಹಪ್ರವೇಶಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುವವನು. ನನಗಿಂತ ಹತ್ತು ವರ್ಷ ಚಿಕ್ಕವನು, ಅಕ್ಕ ಎಂದೇ ಕರೆಯುತ್ತಿದ್ದ. ಸಭೆಯೊಂದರಲ್ಲಿ ಮಂತ್ರಿಯ ಭಾಷಣ ಮುಗಿಯುವವರೆಗೂ ನಾವಿಬ್ಬರೂ ಸ್ಪೀಕರ್ ಪೆಟ್ಟಿಗೆಯ ಹಿಂದೆ ಕೂತು ಆ ಭಾಷಣದ ಸುಳ್ಳುಗಳನ್ನು ಬೆರಳಲ್ಲಿ ಎಣಿಸಿದ್ದೆವು. ಪರಿಚಯ ಬೆಳೆದದ್ದು ಅಲ್ಲಿಂದ.

ನಮ್ಮ ಮನೆಯ ಮುಂದಿನ ಕೋಣೆಯೇ ಸ್ಟುಡಿಯೊ. ಗೋಡೆಗೆ ಕೌದಿಗಳನ್ನೂ ಹಳೆಯ ಹಾಸಿಗೆಯೊಂದನ್ನೂ ನೇತುಹಾಕಿದ್ದೆವು. ರೈಲ್ವೆ ಸ್ಟೇಷನ್ ಹತ್ತಿರವೇ ಇದ್ದುದರಿಂದ ಎರಡು ರೈಲುಗಳ ನಡುವಿನ ಬಿಡುವಿನಲ್ಲಿ ಮಾತಾಡಿಸಿ ಮುಗಿಸಬೇಕಿತ್ತು. ಬುಧವಾರ ಒಬ್ಬರು ಅತಿಥಿ. ಶನಿವಾರ ನಾವಿಬ್ಬರೇ ಕೂತು ವಾರದ ಸುದ್ದಿಯ ಮೇಲೆ ಮಾತು. ಕೊಬ್ಬರಿ ಧಾರಣೆಯಿಂದ ಹಿಡಿದು ನಿಂತುಹೋದ ಬಸ್ಸಿನವರೆಗೆ ಎಲ್ಲವೂ. ರೆಕಾರ್ಡ್ ಆದದ್ದು ತಾನಾಗಿ ಇಂಟರ್ನೆಟ್ಟಿನ ಒಂದು ಫೋಲ್ಡರಿಗೆ ಹೋಗಿ ಸೇರುವ ಹಾಗೆ ಅವನು ಮಾಡಿದ್ದ. ಬಾಣಾವರದ ಅಂಗಡಿಯಲ್ಲಿ ಕೂತು ಅದನ್ನು ತೆಗೆದು, ಕೆಮ್ಮು, ತಡವರಿಕೆ, ರೈಲಿನ ಕೂಗು ಎಲ್ಲ ಕತ್ತರಿಸಿ, ಚೊಕ್ಕ ಮಾಡಿ ಹಾಕುತ್ತಿದ್ದ.

ನೀರುಗಂಟಿ ಹಳೇಬೀಡಿನ ಕಡೆಯ ಒಂದು ಹಳ್ಳಿಯವರು. ಯಾವ ಬೀದಿಗೆ ಯಾವ ಹೊತ್ತು ನೀರು ಬಿಡಬೇಕೆಂಬುದು ಅವರ ಕೆಲಸ. ನಮ್ಮ ಕೋಣೆಯಲ್ಲಿ ಮುಕ್ಕಾಲು ಗಂಟೆ ಚೆನ್ನಾಗಿ ಮಾತಾಡಿದರು. ನಡುವೆ ಏಳು ನಿಮಿಷ, ಕೇಳದೆಯೇ, ಪಂಚಾಯಿತಿಯ ಒಬ್ಬ ಸದಸ್ಯರು ದೊಡ್ಡ ಪೈಪಿಗೆ ಕಳ್ಳ ಸಂಪರ್ಕ ಕೊಟ್ಟು ತಮ್ಮ ತೆಂಗಿನ ತೋಟಕ್ಕೆ ನೀರು ಎಳೆದುಕೊಂಡಿರುವುದನ್ನು ಹೇಳಿದರು. ಎದ್ದು ಹೊರಡುವಾಗ ಮುಖ ಬಾಡಿತು. "ಅದೊಂದು ಬ್ಯಾಡ ಮೇಡಂ. ಅನ್ನಕ್ಕೆ ಸಂಚಕಾರ." ನಾನು ಆಗಲೇ ಮಾತು ಕೊಟ್ಟೆ. ಮೈಕ್ ಸೆಟ್ಟಿನವನೂ ತಲೆಯಾಡಿಸಿದ. ಆ ಏಳು ನಿಮಿಷ ಹೋಯಿತು.

ಹಾಗಾದರೆ ಆ ಮಾತು ಗೊತ್ತಿದ್ದವರು ಮೂರೇ ಜನ. ಹೇಳಿದವರು ತಾವೇ ಹೋಗಿ ಹೇಳಿಕೊಂಡಿರಲಾರರು. ನಾನು ಹೇಳಿಲ್ಲ. ಉಳಿದವನು ಒಬ್ಬ.

ಅವನನ್ನು ಅನುಮಾನಿಸಿದೆ ಎಂದು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಮೊದಲ ಎರಡು ದಿನ ಇಲ್ಲ, ಛೆ ಎಂದುಕೊಂಡೆ. ಗುರುವಾರ ನೀರುಗಂಟಿಯ ಊರಿಗೆ ಹೋದೆ, ಅವರ ಹೆಂಡತಿಯನ್ನಾದರೂ ಮಾತಾಡಿಸಿ ಬರೋಣವೆಂದು. ಆಕೆ ಬಾಗಿಲಲ್ಲೇ ಮುಖ ತಿರುಗಿಸಿಕೊಂಡರು. ವಾಪಸು ಬರುವಾಗ ಬಸ್ಸಿನ ಕಿಟಕಿಯಿಂದ ಕಂಡಿತು: ಆ ಸದಸ್ಯರ ಮನೆಯ ಮುಂದೆ ಹಸಿರು ಚಪ್ಪರ, ಪಕ್ಕದಲ್ಲಿ ಒಂದರ ಮೇಲೊಂದು ಗಿಳಿಹಸಿರು ಸ್ಪೀಕರ್ ಪೆಟ್ಟಿಗೆಗಳು. ಸುತ್ತಮುತ್ತ ಆ ಬಣ್ಣದ ಪೆಟ್ಟಿಗೆ ಇರುವುದು ಒಬ್ಬನ ಹತ್ತಿರ ಮಾತ್ರ.

ಆ ಶನಿವಾರ ಅವನು ಎಂದಿನಂತೆ ಬಂದ. ಬುಧವಾರ ಅತಿಥಿಯ ಗಡಿಬಿಡಿಯಲ್ಲಿ ಹೇಳದೆ ಉಳಿಸಿದ್ದ, ನೀರುಗಂಟಿಯ ಕೆಲಸ ಹೋದ ವಿಷಯವನ್ನು ಹೇಳಿದೆ. "ಅಯ್ಯೋ, ಪಾಪ. ಎಂಗಕ್ಕ ಗೊತ್ತಾಯ್ತು ಅವ್ರಿಗೆ?" ಎಂದ. ಆ ಪ್ರಶ್ನೆ ನನಗೆ ಬೇಕಾದುದಕ್ಕಿಂತ ಬೇಗ ಬಂತು ಅನ್ನಿಸಿತು. ತಡವಾಗಿ ಬಂದಿದ್ದರೂ ಅನ್ನಿಸುತ್ತಿತ್ತೇನೋ.

"ಈ ವಾರ ಹಳೇಬೀಡಿನ ಕಡೆ ಏನಾದ್ರೂ ಫಂಕ್ಷನ್ ಇತ್ತಾ ನಿಂದು?" ಎಂದು ಕೇಳಿದೆ.

"ಇತ್ತಲ್ಲ, ಒಂದು ನಾಮಕರಣ" ಎಂದ. ಯಾರ ಮನೆಯದು ಎಂದು ಅವನು ಹೇಳಲಿಲ್ಲ. ನಾನು ಕೇಳಲಿಲ್ಲ.

ಅಲ್ಲಿಂದ ನನ್ನ ತಲೆ ಕೆಟ್ಟಿತು. ಹಳೆಯ ಕಂತುಗಳನ್ನೆಲ್ಲ ಕಿವಿಗೆ ಹಾಕಿಕೊಂಡು ಮತ್ತೆ ಕೇಳತೊಡಗಿದೆ. ಪಂಚಾಯಿತಿಯ ಮಾತು ಬಂದಾಗ ಅವನು "ಅದ್ ಬಿಡಿ ಅಕ್ಕ" ಎಂದು ಬೇರೆ ಸುದ್ದಿಗೆ ಹಾರಿದ ಜಾಗಗಳನ್ನು ಚೀಟಿಯಲ್ಲಿ ಗುರುತು ಹಾಕಿದೆ. ಐದು ಸಿಕ್ಕವು. ನಾನು ಹಾಗೆ ಹಾರಿದ ಜಾಗಗಳೂ ಇದ್ದವು, ಅವನ್ನು ಗುರುತು ಹಾಕಲಿಲ್ಲ. ಅವನು ಫೋನ್ ಬಂದಾಗ ಅಂಗಳಕ್ಕೆ ಹೋಗಿ ಮಾತಾಡುವುದು ಮೊದಲಿಂದಲೂ ಇದ್ದ ಅಭ್ಯಾಸ. ಈಗ ನಾನು ಅಡುಗೆಮನೆಯ ಕಿಟಕಿಗೆ ಹೋಗಿ ನಿಲ್ಲತೊಡಗಿದೆ. ಕೇಳಿಸಿದ್ದು ಜನರೇಟರಿನ ಡೀಸೆಲ್ಲಿನ ವಿಚಾರ, ಹೆಂಡತಿ ತರಹೇಳಿದ ಸೀಗೆಪುಡಿಯ ವಿಚಾರ. ಅದೂ ಏನೋ ಸಂಕೇತ ಇರಬಹುದೆಂದು ಯೋಚಿಸುವ ಮಟ್ಟಕ್ಕೆ ಇಳಿದಿದ್ದೆ.

ಕೊನೆಗೆ ಒಂದು ಬೋನು ಇಟ್ಟೆ. ಶನಿವಾರದ ಮಾತು ಮುಗಿಸಿ ಅವನು ವೈರು ಸುತ್ತುತ್ತಿದ್ದಾಗ, "ಗೆಂಡೆಹಳ್ಳಿಯಿಂದ ಒಬ್ಬ ಹೆಂಗಸು ಬತ್ತಾರಂತೆ ಮುಂದಿನ ವಾರ. ಆ ಪೈಪಿನ ಫೋಟೊ ಎಲ್ಲ ಐತಂತೆ ಅವರತ್ರ. ಯಾರಿಗೂ ಹೇಳ್ಬೇಡ" ಎಂದೆ. ಅಂಥ ಹೆಂಗಸು ಯಾರೂ ಇರಲಿಲ್ಲ. ಮಾತು ಆ ಸದಸ್ಯರ ಕಿವಿ ಮುಟ್ಟಿದರೆ ಕಳ್ಳ ಸಿಕ್ಕಿದ ಹಾಗೆ ಎಂದು ಲೆಕ್ಕ ಹಾಕಿದ್ದೆ.

ಅವನು ವೈರು ಸುತ್ತುವುದನ್ನು ನಿಲ್ಲಿಸಿ ನನ್ನನ್ನು ಒಂದು ಕ್ಷಣ ನೋಡಿದ. "ಆಯ್ತಕ್ಕ" ಎಂದ.

ಹತ್ತು ದಿನ ಕಾದೆ. ಎಲ್ಲಿಂದಲೂ ಏನೂ ಬರಲಿಲ್ಲ. ಬಂದದ್ದು ಬೇಲೂರಿನಿಂದ ಒಂದು ಫೋನು.

ಬೇಲೂರಿನ ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರನ್ನು ನಾವು ಒಂದು ವರ್ಷದ ಹಿಂದೆ ಮಾತಾಡಿಸಿದ್ದೆವು. ದೇವಸ್ಥಾನದ ಗೋಡೆಯ ಆನೆಗಳನ್ನು ನಲವತ್ತು ವರ್ಷ ಕೂತು ಬರೆದವರು, ಒಂದಾನೆಯ ಹಾಗೆ ಇನ್ನೊಂದಿಲ್ಲ ಎಂದು ತೋರಿಸಿಕೊಟ್ಟವರು. ಒಳ್ಳೆಯ ಮಾತುಗಾರರು. ಆಗಾಗ ಕುಶಲ ಕೇಳುತ್ತಿದ್ದರು. ಅಂದೂ ಹಾಗೇ ಶುರು ಮಾಡಿದರು. "ಈಗ ಹೇಗಿದೆ ಮೇಡಂ, ಎಡಗಡೆ ಮಂಡಿ? ಎಳ್ಳೆಣ್ಣೆ ಹಚ್ಚಿ ಬಿಸಿನೀರು ಹಾಕ್ಕೊಳಿ."

"ಪರವಾಗಿಲ್ಲ ಮೇಷ್ಟ್ರೇ" ಎಂದು ಫೋನ್ ಇಟ್ಟ ಮೇಲೆ ಹೊಳೆಯಿತು. ಮಂಡಿನೋವಿನ ವಿಷಯ ನಾನು ಯಾರಿಗೂ ಹೇಳಿರಲಿಲ್ಲ, ಮನೆಯವರಿಗೂ. ಹೇಳಿದ್ದು ಮೈಕಿಗೆ ಮಾತ್ರ. ಅತಿಥಿ ಬರುವ ಮೊದಲು ದನಿ ಸರಿ ಬರುತ್ತದೋ ಎಂದು ನೋಡಲು ಒಬ್ಬಳೇ ಕೂತು ಬಾಯಿಗೆ ಬಂದದ್ದನ್ನು ಆಡುವುದು ನನ್ನ ಅಭ್ಯಾಸ. ಹಿಂದಿನ ಬುಧವಾರ, "ಒಂದು ಎರಡು ಮೂರು, ಎಡಗಡೆ ಮಂಡಿ ಹಿಡ್ಕೊಂಡಿದೆ, ಮೆಟ್ಟಿಲು ಹತ್ತೋಕ್ಕಾಗಲ್ಲ" ಎಂದು ಗೊಣಗಿದ್ದೆ. ಆಗಲೂ ರೆಕಾರ್ಡಿಂಗ್ ಓಡುತ್ತಿತ್ತು.

ಮೇಷ್ಟ್ರ ಜೊತೆಗಿನ ಹಳೆಯ ಮೆಸೇಜುಗಳನ್ನು ಹುಡುಕುತ್ತ ಹೋದಾಗ ಸಿಕ್ಕಿತು. ತಮ್ಮ ಮಾತಿನಲ್ಲಿ ತಪ್ಪೇನಾದರೂ ನುಸುಳಿದೆಯೋ ಎಂದು ಮೇಷ್ಟ್ರು ಆಗ ಮೊದಲೇ ಕೇಳಬೇಕೆಂದಿದ್ದರು. ಫೈಲು ದೊಡ್ಡದು, ಹೋಗುತ್ತಿರಲಿಲ್ಲ. ನಾನು ಫೋಲ್ಡರಿನ ಲಿಂಕನ್ನೇ ಅವರಿಗೆ ಕಳಿಸಿಬಿಟ್ಟಿದ್ದೆ. ಒಂದು ಕೋಣೆ ತೋರಿಸಲು ಹೋಗಿ ಇಡೀ ಮನೆಯ ಬೀಗದ ಕೈ ಕೊಟ್ಟಿದ್ದೆ. ಅಂದಿನಿಂದ ನಮ್ಮ ಕೌದಿ ಕೋಣೆಯಲ್ಲಿ ಯಾರು ಏನು ಆಡಿದರೂ, ಕತ್ತರಿ ಬೀಳುವ ಮೊದಲೇ, ಅದು ಬೇಲೂರಿನಲ್ಲಿ ಕೇಳಿಸುತ್ತಿತ್ತು.

ಮಾರನೆಯ ದಿನವೇ ಬೇಲೂರಿಗೆ ಹೋದೆ. ಮೇಷ್ಟ್ರು ಸಂತೋಷದಿಂದ ಕೂರಿಸಿದರು, ಅವರ ಮನೆಯವರು ಕಾಫಿ ಕೊಟ್ಟರು. ನಾನು ಲೋಟ ಮುಟ್ಟುವ ಮೊದಲೇ ಕೇಳಿದೆ. ಅವರು ಸ್ವಲ್ಪವೂ ಬೆಚ್ಚಲಿಲ್ಲ.

"ಕೇಳ್ತೀನಲ್ಲ. ದಿನಾ ಬೆಳಿಗ್ಗೆ ವಾಕಿಂಗ್ ಹೋಗೋವಾಗ. ನೀವೇ ಕಳಿಸಿದ್ರಲ್ಲ ಮೇಡಂ."

"ನಾನು ಕಳಿಸಿದ್ದು ನಿಮ್ಮದೊಂದನ್ನ ಕೇಳಲಿ ಅಂತ."

"ಹಾಗಂತ ನೀವು ಹೇಳ್ಲಿಲ್ಲ. ಹೊಸದು ಹೊಸದು ಬರ್ತಾನೇ ಇತ್ತು. ನನಗೆ ಅಂತಾನೇ ಹಾಕ್ತಿದ್ದಾರೆ ಅಂದ್ಕೊಂಡೆ."

ಎದ್ದುಹೋಗಿ ಕಪಾಟಿನಿಂದ ಒಂದು ದಪ್ಪ ನೋಟ್‌ಬುಕ್ ತಂದರು. ತೆರೆದು ತೋರಿಸಿದರು, ಹೆಮ್ಮೆಯಿಂದ. ಒಂದೊಂದು ಪುಟಕ್ಕೆ ಒಬ್ಬೊಬ್ಬ ಅತಿಥಿ. ದುಂಡಗಿನ ಅಕ್ಷರ. ನಾವು ಹಾಕಿದ ಮಾತುಗಳು ನೀಲಿಯಲ್ಲಿ, ನಾವು ತೆಗೆದ ಮಾತುಗಳು ಕೆಂಪಿನಲ್ಲಿ. ಹಾರನಹಳ್ಳಿಯ ದಾದಿಯೊಬ್ಬರು ಅತ್ತು ಹೇಳಿಕೊಂಡದ್ದು ಕೆಂಪಿನಲ್ಲಿತ್ತು. ನೀರುಗಂಟಿಯ ಪುಟ ಅರ್ಧಕ್ಕರ್ಧ ಕೆಂಪು.

"ನೀವು ತೆಗೆದು ಬಿಸಾಕೋದ್ರಲ್ಲೇ ನೋಡಿ ತಿರುಳಿರೋದು" ಎಂದರು.

"ನೀರುಗಂಟಿ ಮಾತು ಯಾರ ಹತ್ರ ಹೇಳಿದ್ರಿ?"

ಮೇಷ್ಟ್ರು ನೋಟ್‌ಬುಕ್ ಮುಚ್ಚಿದರು. ಆ ಸದಸ್ಯರು ನನ್ನ ಷಡ್ಡಕನಿಗೆ ಹತ್ತಿರದವರು, ಒಂದು ಊಟದ ಪಂಕ್ತಿಯಲ್ಲಿ ಜೊತೆಗೆ ಕೂತಿದ್ದೆವು, ಇಂಥ ಕೆಲಸ ಮಾಡಬಾರದು ಎಂದು ಬುದ್ಧಿ ಹೇಳಲು ಹೋದೆ, ಯಾರು ಹೇಳಿದರು ಎಂದು ಕೇಳಿದರು, ಸುಳ್ಳು ಹೇಳಲಾಗಲಿಲ್ಲ ಎಂದು ಒಂದೊಂದಾಗಿ ಹೇಳಿದರು. "ಒಳ್ಳೇದಕ್ಕೇ ಹೇಳಿದ್ದು" ಎಂದರು. ಕಣ್ಣು ನನ್ನ ಮುಖದ ಮೇಲೇ ಇತ್ತು, ಎಷ್ಟು ನಂಬಿದಳು ಎಂದು ಅಳೆಯುವ ಹಾಗೆ. ಆ ಮನುಷ್ಯ ಮುಗ್ಧರೋ ಅಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ನೋಟ್‌ಬುಕ್ ಕೊಡಿ ಎಂದೆ. ಅದು ತಮ್ಮ ಬರಹ, ಕೊಡುವುದಿಲ್ಲ ಎಂದರು. ಕಾಫಿ ಕುಡಿಯದೆ ಎದ್ದುಬಂದೆ.

ಅರಸೀಕೆರೆಗೆ ಬಂದವಳು ಮನೆಗೆ ಹೋಗಲಿಲ್ಲ. ಸೀದಾ ಬಾಣಾವರದ ರೈಲು ಹತ್ತಿದೆ. ಅವನು ಅಂಗಡಿಯಲ್ಲಿ ಒಂದು ಕೆಟ್ಟ ಆಂಪ್ಲಿಫೈಯರ್ ಬಿಚ್ಚಿಕೊಂಡು ಕೂತಿದ್ದ. ಎಲ್ಲ ಹೇಳಿದೆ: ಲಿಂಕು, ಮೇಷ್ಟ್ರು, ಕೆಂಪು ಶಾಯಿ. ಹೇಳದೆ ಬಿಡಬಹುದಾಗಿದ್ದ ಒಂದನ್ನೂ ಹೇಳಿದೆ. "ನಿನ್ನ ಮೇಲೆ ಅನುಮಾನ ಪಟ್ಟಿದ್ದೆ ಕಣೋ. ಗೆಂಡೆಹಳ್ಳಿ ಹೆಂಗಸು ಸುಳ್ಳು."

ಅವನು ತಲೆಯೆತ್ತಲಿಲ್ಲ. "ಗೊತ್ತಿತ್ತು."

"ಹೇಗೆ?"

"ಎಲ್ಡು ವರ್ಸದಾಗೆ ಒಂದ್ಸಲನೂ ನೀವು ಗೆಸ್ಟು ಯಾರು ಅಂತ ಮೊದ್ಲೇ ಏಳಿಲ್ಲ. ಅವತ್ತು ಕೇಳ್ದೇನೇ ಏಳುದ್ರಿ. ಯಾರ್ಗೂ ಏಳ್ಬ್ಯಾಡ ಅಂತ ಬ್ಯಾರೆ." ಸ್ಕ್ರೂ ಒಂದನ್ನು ಡಬ್ಬಿಯ ಮುಚ್ಚಳದಲ್ಲಿಟ್ಟ. "ಪೆಟ್ಟಿಗೆ ನೋಡುದ್ರಿ ಅಲ್ವಾ, ಆ ಸದಸ್ಯನ ಮನೆ ಮುಂದೆ? ನಾಮಕರಣ ಅಂತ ಬುಕ್ ಮಾಡಿದ್ದು ಅವ್ನ ತಮ್ಮ. ಅಲ್ಲಿಗೆ ಓದ್ಮೇಲೆ ಗೊತ್ತಾಗಿದ್ದು ಯಾರ ಮನೆ ಅಂತ. ನಿಮ್ಗೆ ಏಳೋಕೆ ನಾಚ್ಕೆ ಆಯ್ತು. ನೀವು ಕೇಳಿದ್ರೆ ಏಳ್ತಿದ್ದೆ."

"ತಪ್ಪಾಯ್ತು."

"ಉಂ" ಎಂದ ಅಷ್ಟೆ. ನಂತರ ಮೂರು ವಾರ ಬರಲಿಲ್ಲ. ಫೋನೂ ಎತ್ತಲಿಲ್ಲ. ಆದರೆ ಆ ಸಂಜೆಯೇ ಫೋಲ್ಡರಿಗೆ ಹೊರಗಿನವರು ಬರುವ ದಾರಿಯನ್ನು ಮುಚ್ಚಿದ್ದ.

ಆ ಮೂರು ವಾರ ಶನಿವಾರದ ಮಾತನ್ನು ನಾನೊಬ್ಬಳೇ ಆಡಿದೆ. ಮೊದಲ ವಾರ ನಮ್ಮ ತಪ್ಪನ್ನೇ ಸುದ್ದಿಯಾಗಿ ಹೇಳಿದೆ: ಅತಿಥಿಗಳು ನಂಬಿ ಆಡಿ, ತೆಗೆಯಿರಿ ಎಂದ ಮಾತುಗಳು ನನ್ನ ಅಜಾಗರೂಕತೆಯಿಂದ ಬೇರೆಯವರ ಕಿವಿಗೆ ಬಿದ್ದಿವೆ, ಹೊಣೆ ನನ್ನದು ಎಂದು. ಯಾರ ಮಾತು, ಯಾವ ಮಾತು ಎನ್ನಲಿಲ್ಲ. ಹಾರನಹಳ್ಳಿಯ ದಾದಿಗೆ ಮಾತ್ರ ಅದಕ್ಕೆ ಮೊದಲೇ ಫೋನ್ ಮಾಡಿ ಹೇಳಿದ್ದೆ. ಆಕೆ, "ಬೇಲೂರಲ್ಲಿ ನಮ್ಮೋರು ಯಾರೂ ಇಲ್ಲ ಬಿಡಿ" ಎಂದರು. ಅದು ಕ್ಷಮೆಯಲ್ಲ ಎಂದು ಗೊತ್ತಾಯಿತು. ಬರುತ್ತೇನೆಂದಿದ್ದ ಇಬ್ಬರು ಅತಿಥಿಗಳು ಈಗ ಬೇಡ ಎಂದರು.

ನೀರುಗಂಟಿಗೆ ಕೆಲಸ ವಾಪಸು ಬಂತು, ಆದರೆ ನನ್ನಿಂದಲ್ಲ. ಯಾವ ವಾಲ್ವನ್ನು ಎಷ್ಟು ಸುತ್ತು ತಿರುಗಿಸಿದರೆ ಮೇಲಿನ ಬೀದಿಗೆ ನೀರು ಏರುತ್ತದೆ ಎಂಬುದು ಅವರೊಬ್ಬರ ಕೈಗೆ ಮಾತ್ರ ಗೊತ್ತಿತ್ತು. ಹೊಸಬ ತಿರುಗಿಸಿದಾಗ ಕೆಳಗಿನ ಬೀದಿಯ ಚರಂಡಿಗೆ ಹರಿಯಿತು, ಮೇಲಿನವರಿಗೆ ಹನಿಯೂ ಇಲ್ಲ. ಒಂದು ತಿಂಗಳೊಳಗೆ ಮೇಲಿನ ಬೀದಿಯ ಹೆಂಗಸರು ಖಾಲಿ ಕೊಡಗಳೊಂದಿಗೆ ಪಂಚಾಯಿತಿಯ ಮುಂದೆ ಕೂತರು. ಅವರಲ್ಲಿ ಆ ಸದಸ್ಯರ ಸ್ವಂತ ಅತ್ತಿಗೆಯೂ ಇದ್ದರಂತೆ. ಕೀಲಿಗೊಂಚಲು ಮನೆ ಹುಡುಕಿಕೊಂಡು ಬಂತು. ತೋಟದ ಪೈಪು ಅಷ್ಟರೊಳಗೆ ಮಾಯವಾಗಿತ್ತು, ಅಲ್ಲಿ ಹೊಸ ಮಣ್ಣು ಮುಚ್ಚಿದ ಗುರುತು ಮಾತ್ರ ಇತ್ತು ಎಂದು ನೀರುಗಂಟಿಯೇ ಫೋನಿನಲ್ಲಿ ಹೇಳಿದರು. ಇನ್ನೊಮ್ಮೆ ಬರುತ್ತೀರಾ ಎಂದು ಕೇಳಿದೆ.

"ಬ್ಯಾಡ ಮೇಡಂ. ನಿಮ್ಮ ಮ್ಯಾಲೆ ಕೋಪ ಇಲ್ಲ. ಆದ್ರೆ ಬ್ಯಾಡ."

ನಾಲ್ಕನೆಯ ಬುಧವಾರ ಮೈಕ್ ಸೆಟ್ಟಿನವನು ಬಂದ. ಏನೂ ನಡೆದಿಲ್ಲವೆಂಬಂತೆ ಮೈಕಿನ ಕಾಲು ಬಿಗಿ ಮಾಡಿದ. ಅತಿಥಿ ಹೋದ ಮೇಲೆ, ರೆಕಾರ್ಡಿಂಗ್ ಫೋಲ್ಡರಿಗೆ ಹೋಗದಂತೆ ಮಾಡಿ, ಬಾಣಾವರಕ್ಕೆ ಹೊರಡದೆ ಕೂತ. "ಇಲ್ಲೇ ಕೂತು ಕಟ್ ಮಾಡನ, ಇಬ್ರೂ. ಆಮೇಲೆ ಇಬ್ರೂ ನೋಡ್ಕಂಡೇ ಅಳ್ಸನ" ಎಂದ. ಈಗ ಹಾಗೇ ನಡೆಯುತ್ತಿದೆ. ನಾನು ಅವನ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಅಳಿಸುವ ಮೊದಲು ಅವನು ಒಮ್ಮೆ ನನ್ನ ಮುಖ ನೋಡುತ್ತಾನೆ, ನಾನು ಹೂಂ ಎನ್ನುತ್ತೇನೆ. ಕೆಲಸ ಮೊದಲಿಗಿಂತ ಚೊಕ್ಕವಾಗಿದೆ. ಮೊದಲು ನಡುನಡುವೆ ಮಂತ್ರಿಗಳ ದನಿ ಅಣಕಿಸಿ ನಗಿಸುತ್ತಿದ್ದ, ಅದೊಂದು ನಿಂತಿದೆ.