ಬರ್ಸ್ಟ್ ಇಳಿಸು ಎಂದ ಕಾಕಾ

ಕಾಕಾರ ಮುಂದಿನ ಹಲ್ಲಿನಲ್ಲಿ ಸಣ್ಣದೊಂದು ಕಚ್ಚು ಬಿದ್ದಿತ್ತು. ವರ್ಷಗಟ್ಟಲೆ ಕೇಬಲ್ ತಂತಿಯ ಸಿಪ್ಪೆಯನ್ನು ಹಲ್ಲಿನಿಂದಲೇ ಸುಲಿದ ಗುರುತು. ಇಕ್ಕಳ ಕಿಸೆಯಲ್ಲೇ ಇರುತ್ತಿತ್ತು; ತೆಗೆಯುವಷ್ಟು ತಾಳ್ಮೆ ಇರಲಿಲ್ಲ. ಕುಷ್ಟಗಿಯಲ್ಲಿ ಟಿವಿ ಕೇಬಲ್ ಎಳೆಯುತ್ತಿದ್ದ ಕಾಕಾ ಮುಂದೆ ಮನೆಮನೆಗೆ ಇಂಟರ್‌ನೆಟ್ ಕೊಡತೊಡಗಿದರು. ಕೊಪ್ಪಳದಲ್ಲಿ ಡಿಪ್ಲೊಮಾ ಮುಗಿಸಿ ಅವರಲ್ಲಿ ಕೆಲಸಕ್ಕೆ ಸೇರಿದ ನಾನು, ರೂಟರ್ ವಿಷಯ ಇವರಿಗೆ ನಾನೇ ಕಲಿಸಬೇಕಾದೀತು ಎಂದುಕೊಂಡಿದ್ದೆ. ಎಂಥ ಜಂಬ!

ಅವರದೊಂದು ಹಟವಿತ್ತು. ರೂಟರ್‌ನಲ್ಲಿ ಏನೇ ಬದಲಿಸಿದರೂ ಲೈನಿನ ಕೊನೆಯ ಮನೆಗೆ ಹೋಗಿ, ಸಂಜೆ ಒಂದು ತಾಸು ಕೂತು ನೋಡಬೇಕು. "ಆಫೀಸಿನ್ಯಾಗ ಎಲ್ಲಾ ಛಲೋನ ಕಾಣ್ತೈತಿ" ಎನ್ನುತ್ತಿದ್ದರು.

ಒಮ್ಮೆ ನಾನು ಹೋಗಲಿಲ್ಲ. ನಮಗೆ ಬರುವ ಒಟ್ಟು ವೇಗವನ್ನು ಮನೆಮನೆಗೆ ಅಳೆದು ಬಿಡುವುದು ಶೇಪಿಂಗ್; ಮಿತಿ ದಾಟಿ ಕೆಲವು ಕ್ಷಣ ಓಡಲು ಕೊಡುವ ಸಡಿಲಿಕೆ ಬರ್ಸ್ಟ್. ಅದನ್ನು ಧಾರಾಳವಾಗಿ ಏರಿಸಿಬಿಟ್ಟೆ. ಸ್ಪೀಡ್ ಟೆಸ್ಟ್ ಮಾಡಿದವರೆಲ್ಲ ಹೊಗಳಿದ್ದೇ ಹೊಗಳಿದ್ದು. ನಾನು ಉಬ್ಬಿಹೋದೆ.

ಮೂರನೆಯ ಸಂಜೆ ಕಾಕಾ ನನ್ನನ್ನು ಬೈಕಿನಲ್ಲಿ ಕೊನೆಯ ಮನೆಗೆ ಕರೆದೊಯ್ದರು. ಅಲ್ಲಿ ಬಟ್ಟೆ ಹೊಲಿಯುವ ಅಕ್ಕನಿಗೆ ಕಿವಿ ಕೇಳುವುದಿಲ್ಲ, ಮಾತೂ ಬರುವುದಿಲ್ಲ. ಗಂಗಾವತಿಯಲ್ಲಿರುವ ತಂಗಿಯೂ ಹಾಗೆಯೇ. ಇಬ್ಬರೂ ದಿನಾ ಸಂಜೆ ವಿಡಿಯೊ ಕರೆಯಲ್ಲಿ ಕೈಸನ್ನೆಯಿಂದ ಮಾತಾಡುವರು. ಅದು ಊರೆಲ್ಲ ಮೊಬೈಲ್ ಹಿಡಿಯುವ ಹೊತ್ತು. ಎಲ್ಲ ಮನೆಗಳೂ ಒಟ್ಟಿಗೇ ಹೆಚ್ಚಿಗೆ ಎಳೆದುಕೊಂಡು ಲೈನು ತುಂಬಿಹೋಗಿತ್ತು. ಪರದೆಯಲ್ಲಿ ತಂಗಿಯ ಕೈ ಗಾಳಿಯಲ್ಲೇ ನಿಂತಿತು. ಮತ್ತೆ ಆಡುವಷ್ಟರಲ್ಲಿ ನಡುವಿನ ಮಾತು ಹೋಗಿತ್ತು. ಅಕ್ಕ ಬೇಸತ್ತು ಫೋನನ್ನು ಬೋರಲಾಗಿಟ್ಟರು.

"ನಿನ್ನ ಸ್ಪೀಡಿನ ನಂಬರ್ ಛಲೋ ಬಂದಾವಪಾ," ಎಂದರು ಕಾಕಾ. "ಈಕಿಗೆ ಮೂರು ದಿನದಿಂದ ತಂಗಿ ಕೂಡ ಮಾತಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾಚಿಕೆಯಿಂದ ಅಲ್ಲೇ ಲ್ಯಾಪ್‌ಟಾಪ್ ತೆರೆದು ಬರ್ಸ್ಟ್ ಇಳಿಸಿದೆ. ಅಕ್ಕ ಮತ್ತೆ ಕರೆ ಮಾಡಿದರು.

"ಇನ್ನಷ್ಟು ಇಳಿಸು," ಎಂದರು ಕಾಕಾ. "ಮಷಿನ್ ನೋಡಬ್ಯಾಡ, ಆಕಿ ಮುಖಾ ನೋಡು... ಹಾಂ, ಸಾಕು."

ಇವತ್ತು ಯಲಬುರ್ಗಾ, ಕೊಪ್ಪಳದ ಲೈನುಗಳನ್ನೂ ನಾನೇ ನೋಡಿಕೊಳ್ಳುತ್ತೇನೆ. ಎಲ್ಲಿ ಎಷ್ಟು ಬರ್ಸ್ಟ್ ಇರಬೇಕೆಂದು ಎದೆ ತಟ್ಟಿ ಹೇಳಬಲ್ಲೆ. ಆ ವಿದ್ಯೆ ಡಿಪ್ಲೊಮಾದ್ದಲ್ಲ, ಕಾಕಾರದು.

ಹೋದ ವರ್ಷ ಅವರು ತೀರಿಕೊಂಡರು. ಸುದ್ದಿ ತಿಳಿಸಲು ಅಕ್ಕನ ಮನೆಗೆ ನಾನೇ ಹೋಗಿ, ಕಾಗದದ ಮೇಲೆ ಬರೆದು ತೋರಿಸಿದೆ. ಅಕ್ಕ ಅದನ್ನು ಓದಿ ತಂಗಿಗೆ ಕರೆ ಮಾಡಿದರು. ಸಂಜೆಯ ಹೊತ್ತು, ಊರೆಲ್ಲ ಲೈನಿನ ಮೇಲಿತ್ತು. ಆದರೂ ಎರಡೂ ಕಡೆ ಒಂದು ಸನ್ನೆಯೂ ನಡುವೆ ನಿಲ್ಲಲಿಲ್ಲ. ಅಲ್ಲಿಯವರೆಗೆ ತಡೆದಿದ್ದ ಅಳು ನನಗೆ ಆಗ ಬಂತು.