ಮುಚ್ಚಿದ ಕಣ್ಣುಗಳ ತರಗತಿ

ಯೋಗ ಕಲಿಸುವವರು ಪ್ರತಿ ವರ್ಷ ಕೆಲವು ದಿನ ತಾವೂ ವಿದ್ಯಾರ್ಥಿಗಳಾಗಿ ಕೂರಬೇಕು ಎಂಬ ನಿಯಮವನ್ನು ನಾನು ಒಪ್ಪಿದವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿದವರು ಈಕೆಗೆ ಕಲಿಯುವುದೇ ಬೇಡವಾಗಿತ್ತು ಎಂದುಕೊಳ್ಳಬಾರದು. ಇಂಗ್ಲೆಂಡಿನ ಹ್ಯಾರೋದಲ್ಲಿ ನಗರಸಭೆಯ ಹಾಲ್‌ನಲ್ಲಿ ನಡೆಯುತ್ತಿದ್ದ ನನ್ನ ಬೆಳಗಿನ ತರಗತಿಗೆ ಬರುತ್ತಿದ್ದವರು ಹೆಚ್ಚಾಗಿ ವಯಸ್ಸಾದ ಹೆಂಗಸರು. ಒಬ್ಬರಿಗೆ ಮಂಡಿನೋವು, ಇನ್ನೊಬ್ಬರಿಗೆ ರಕ್ತದೊತ್ತಡ. ಧಾರವಾಡದ ಶಾಲೆಯ ಅಂಗಳದಲ್ಲಿ ನಾನು ಕಲಿತದ್ದು ಇವರಿಗೆ ಸಾಲದು ಎಂಬುದು ನನಗೆ ಗೊತ್ತಿತ್ತು.

ಟೂಟಿಂಗ್ ಬಡಾವಣೆಯ ಗೆಳತಿಯೊಬ್ಬರ ಪರಿಚಯವಾದದ್ದೂ ಇಂಥ ಒಂದು ಕಲಿಕೆಯ ದಿನವೇ. ಆಕೆ ಉಡುಪಿ ಕಡೆಯವರು, ಮನೆಮಾತು ಕೊಂಕಣಿ. ನಾನು ಅವರನ್ನು ಬಾಯಿ ಎನ್ನುತ್ತಿದ್ದೆ. ಅವರ ಕಡೆಯೂ ನಮ್ಮ ಕಡೆಯೂ ಹೆಂಗಸರನ್ನು ಗೌರವದಿಂದ ಹಾಗೆ ಕರೆಯುತ್ತಾರೆ. ಅವರು ನನ್ನನ್ನು ಅಕ್ಕ ಎನ್ನುತ್ತಿದ್ದರು. ತಮ್ಮ ಚರ್ಚಿನ ಹಾಲ್‌ನಲ್ಲಿ ಅವರು ಊರಿನ ಕಡೆಯ ವಯಸ್ಸಾದ ಹೆಂಗಸರಿಗೆ ಯೋಗ ಕಲಿಸುತ್ತಿದ್ದರು. ಯೋಗ ಎಂದೊಡನೆ ಮುಖ ಗಂಟಿಕ್ಕಿದ ಪಾದ್ರಿಯವರಿಗೆ, "ಅಲ್ಲಿ ಮಂತ್ರ ಎಂತದೂ ಇಲ್ಲ ಫಾದರ್, ನಮ್ಮ ಬೆನ್ನು ನೆಟ್ಟಗೆ ಮಾಡ್ಲಿಕ್ಕೆ ಮಾತ್ರ" ಎಂದು ತಿಂಗಳುಗಟ್ಟಲೆ ಹೇಳಿ ಒಪ್ಪಿಸಿದ್ದರು. ಪಾದ್ರಿಯವರು ಒಂದೇ ಷರತ್ತು ಹಾಕಿದ್ದರು: ಶಿಕ್ಷಕಿಯ ಹೆಸರು ಯೋಗ ಶಿಕ್ಷಕರ ಸಂಘದ ಪಟ್ಟಿಯಲ್ಲಿ ಇರಬೇಕು. ಪಟ್ಟಿಯಲ್ಲಿ ಉಳಿಯಬೇಕಾದರೆ ಈ ಕಲಿಕೆಯ ದಿನಗಳಿಗೆ ಹೋಗಲೇಬೇಕು.

ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು. ಒಂದು ಶನಿವಾರ ಅಂಥ ಕಲಿಕೆಗೆಂದು ನಾವಿಬ್ಬರೂ ಕಾರ್ಖಾನೆಗಳ ಪ್ರದೇಶವಾದ ಪಾರ್ಕ್ ರಾಯಲ್‌ಗೆ ಹೋದೆವು. ಗೋದಾಮೊಂದರ ಮೇಲಿನ ಮಹಡಿಯಲ್ಲಿ ಮರದ ನೆಲದ ದೊಡ್ಡ ಕೋಣೆ. ಪಕ್ಕದ ಕಾರ್ಖಾನೆಯಿಂದ ಬ್ರೆಡ್ ಬೇಯುವ ವಾಸನೆ ಬರುತ್ತಿತ್ತು.

"ಅಕ್ಕ, ಈ ವಾಸನೆಯಲ್ಲಿ ಕಣ್ಣು ಮುಚ್ಚಿದ್ರೆ ನನಗೆ ದೇವರು ಕಾಣುದಿಲ್ಲ, ಬನ್ಸ್ ಕಾಣ್ತದೆ" ಎಂದರು ಬಾಯಿ.

"ಸುಮ್ನಿರ್ರಿ ಬಾಯಿ, ನನಗೂ ಹಸಿವಾಗೇತಿ" ಎಂದೆ.

ಆ ದಿನದ ವಿಷಯ, ವಿದ್ಯಾರ್ಥಿಯ ಭಂಗಿಯನ್ನು ಕೈಯಿಂದ ಮುಟ್ಟಿ ತಿದ್ದುವುದು. ಕಲಿಸಲು ಬಂದಿದ್ದವರು ಐವತ್ತರ ಆಸುಪಾಸಿನ ಒಬ್ಬ ಆಂಗ್ಲ ಗಂಡಸು, ಯೋಗ ಗುರುಗಳು. ಮೆಲುದನಿ, ಬರಿಗಾಲು, ಮಾತಿನ ನಡುವೆ ಸಂಸ್ಕೃತ. ಭಾರತದಲ್ಲಿ ಹಲವು ವರ್ಷ ಇದ್ದು ಕಲಿತವರು. ನಮ್ಮನ್ನು ವೃತ್ತಾಕಾರವಾಗಿ ಕೂರಿಸಿ, ಕಾಲು ಚಾಚಿ ಮುಂದಕ್ಕೆ ಬಾಗಲು ಹೇಳಿದರು. "ಕಣ್ಣು ಮುಚ್ಚಿ. ನಾನು ಯಾರ ಬಳಿ ಬರುತ್ತೇನೆಂದು ನೋಡಬೇಡಿ. ಬರುವ ಕೈಯನ್ನು ನಂಬಿ" ಎಂದರು.

ನಾನು ಕಣ್ಣು ಮುಚ್ಚಲಿಲ್ಲ. ಹಿಂದೆ ಕಿವಿಯ ಒಳಗೆ ಸೋಂಕಾಗಿತ್ತು. ಆಮೇಲಿಂದ ಕಣ್ಣು ಮುಚ್ಚಿ ಬಾಗಿದರೆ ತಲೆ ತಿರುಗುತ್ತದೆ. ಹಾಗೆ ಮಾಡಬೇಡಿ ಎಂದು ನನ್ನ ಡಾಕ್ಟರೇ ಹೇಳಿದ್ದರು. ಬೇರೆ ಕಾರಣವಿಲ್ಲ. ಅನುಮಾನ ಇತ್ತೆಂದಾಗಲಿ, ಕಾವಲು ಕೂತಿದ್ದೆನೆಂದಾಗಲಿ ಹೇಳಿದರೆ ಸುಳ್ಳಾಗುತ್ತದೆ.

ನೋಡಿದ್ದನ್ನಷ್ಟೇ ಬರೆಯುತ್ತೇನೆ. ಬಾಯಿ ನನ್ನ ಎದುರಿಗೆ ಕುಳಿತಿದ್ದರು. ಅವರ ತೊಡೆಯ ಹಿಂಭಾಗ ಬಿಗಿ. ಆದ್ದರಿಂದ ಮೊಣಕಾಲುಗಳನ್ನು ತುಸು ಮಡಚಿಕೊಂಡಿದ್ದರು. ಅದು ಸರಿಯಾದ ಕ್ರಮವೇ. ಗುರುಗಳು ಹಿಂದಿನಿಂದ ಬಂದು ಮಂಡಿಯೂರಿ ಅವರ ಸೊಂಟದ ಮೇಲೆ ಎರಡೂ ಅಂಗೈ ಇಟ್ಟರು. ಆಮೇಲೆ ತಮ್ಮ ಎದೆಯ ಭಾರವನ್ನೇ ಅವರ ಬೆನ್ನ ಮೇಲೆ ಹಾಕಿದರು. ಬಾಯಿ "ನೋ" ಎಂದರು. ಮತ್ತೊಮ್ಮೆ, "ಪ್ಲೀಸ್, ನೋ" ಎಂದರು. ಕೂಗಲಿಲ್ಲ, ಆದರೆ ಕೋಣೆಯ ಈಚೆ ತುದಿಯಲ್ಲಿದ್ದ ನನಗೆ ಪ್ರತಿ ಅಕ್ಷರವೂ ಕೇಳಿಸಿತು. ಗುರುಗಳು "ಬಿಟ್ಟುಕೊಡಿ" ಎನ್ನುತ್ತಾ ಒಂದು ಕೈ ಮುಂದೆ ಚಾಚಿ ಅವರ ಬಲ ಮೊಣಕಾಲನ್ನು ನೆಲಕ್ಕೆ ಒತ್ತಿದರು. ನಾನು "ಸ್ಟಾಪ್" ಎಂದು ಎದ್ದದ್ದೂ ಆ ಸದ್ದು ಬಂದದ್ದೂ ಒಟ್ಟಿಗೇ. ಆ ಸದ್ದನ್ನು ಯಾವುದಕ್ಕೂ ಹೋಲಿಸಲು ನನಗೆ ಮನಸ್ಸಿಲ್ಲ. ಸಣ್ಣ ಸದ್ದು. ಅದು ಒಬ್ಬ ಹೆಂಗಸಿನ ಮೈಯೊಳಗಿಂದ ಬಂತು.

ಎಲ್ಲರೂ ಕಣ್ಣು ತೆರೆದರು. ಬಾಯಿ ಒಂದು ಪಕ್ಕಕ್ಕೆ ಹೊರಳಿ ತೊಡೆ ಹಿಡಿದುಕೊಂಡಿದ್ದರು. ಗುರುಗಳು ಹಿಂದೆ ಸರಿದು ಕುಳಿತು, ಅದೇ ಮೆಲುದನಿಯಲ್ಲಿ ಹೇಳಿದರು: "ಕೆಲವೊಮ್ಮೆ ನಾವು ದೇಹದ ಮಾತು ಕೇಳದೆ ಮುಂದೆ ಹೋಗಿಬಿಡುತ್ತೇವೆ. ಇದೂ ಒಂದು ಪಾಠ."

ಕೆಲವರು ತಲೆಯಾಡಿಸಿದರು. ನೆಲದ ಮೇಲೆ ಒಬ್ಬಾಕೆ ಬಿಳಿಚಿಕೊಂಡು ಬಿದ್ದಿರುವಾಗ, ಅವರು ಪಾಠ ಕಲಿತವರ ಹಾಗೆ ತಲೆಯಾಡಿಸಿದರು. ಇಷ್ಟು ವರ್ಷಗಳಾದರೂ ನನಗೆ ಆ ತಲೆಯಾಟವನ್ನು ಕ್ಷಮಿಸಲು ಆಗಿಲ್ಲ.

"ಏಳಬ್ಯಾಡ್ರಿ ಬಾಯಿ, ಹಂಗ ಇರ್ರಿ" ಎಂದು ನಾನು ಪಕ್ಕ ಕುಳಿತೆ. ಮಿನಿಕ್ಯಾಬ್ ಕರೆಸಿ ಆಸ್ಪತ್ರೆಗೆ ಹೊರಟೆವು. ಬಾಯಿಯ ಪಕ್ಕದ ಚಾಪೆಯಲ್ಲಿದ್ದ ಆಂಗ್ಲ ಯೋಗ ಶಿಕ್ಷಕಿ ಅವರ ಚೀಲ ಹಿಡಿದು ಕೆಳಗಿನವರೆಗೂ ಬಂದರು.

"ಅವರು ನೋ ಎಂದದ್ದು ನಿಮಗೆ ಕೇಳಿಸಿತಲ್ಲವೇ?" ಎಂದು ಕೇಳಿದೆ.

"ಕೇಳಿಸಿತು, ಡಿಯರ್. ಆದರೆ ನನ್ನ ಕಣ್ಣು ಮುಚ್ಚಿತ್ತಲ್ಲ. ನೋಡದ್ದನ್ನು ನಾನು ಹೇಗೆ ಹೇಳಲಿ?"

ಸ್ನಾಯು ಮೂಳೆಗೆ ಅಂಟಿಕೊಳ್ಳುವಲ್ಲೇ ಹರಿದಿದೆ ಎಂದರು ಡಾಕ್ಟರು. ಅವರು ಆಚೆ ಹೋದ ಮೇಲೆ ಬಾಯಿ ನನ್ನ ಕೈ ಹಿಡಿದುಕೊಂಡರು.

"ಅಕ್ಕ, ನಾನು ಬೇಡ ಹೇಳಿದ್ದು ಹೌದಲ್ವಾ? ಅಥವಾ ಮನಸ್ಸಲ್ಲೇ ಹೇಳಿದ್ದಾ?"

"ಬಾಯಿಬಿಟ್ಟು ಹೇಳೀರಿ. ಎರಡ ಸಲ ಹೇಳೀರಿ. ನಾ ಕೇಳೀನಿ, ನೋಡೀನಿ."

ಬಾಯಿ ಸಂಘಕ್ಕೆ ದೂರು ಕೊಟ್ಟರು. ಗುರುಗಳ ಉತ್ತರ ಹೀಗಿತ್ತು: ಆಕೆ ತನ್ನ ಮಿತಿ ಮೀರಿ ತಾನೇ ಬಾಗಿದಳು, ನನ್ನ ಕೈ ಬರೀ ಆಸರೆಗೆ ಇತ್ತು. ಇದೇ ನಿಜವೆಂದು ಸಂಘ ಒಪ್ಪಿದರೆ, ಸ್ವಂತ ದೇಹದ ಮಿತಿಯನ್ನೇ ತಿಳಿಯದವಳು ಮುದುಕಿಯರಿಗೆ ಏನು ಕಲಿಸಿಯಾಳು ಎಂಬ ಪ್ರಶ್ನೆ ಬರುತ್ತಿತ್ತು. ಬಾಯಿಯ ಹೆಸರು ಪಟ್ಟಿಯಿಂದ ಹೋದರೆ ಚರ್ಚಿನ ಹಾಲ್ ಕೂಡ ಹೋದಂತೆಯೇ.

ವಿಚಾರಣೆಗೆ ನನ್ನನ್ನು ಕರೆದರು. ಸಂಘದ ಮೂವರು ಹಿರಿಯರು ಚಹಾ ಕೊಟ್ಟು, ಬಹಳ ಸೌಜನ್ಯದಿಂದ ಮಾತಾಡಿಸಿದರು. ನಡುವೆ ಕುಳಿತಿದ್ದ ಅಧ್ಯಕ್ಷೆ ಕೇಳಿದರು:

"ಕಣ್ಣು ಮುಚ್ಚಿ ಎಂದು ಎಲ್ಲರಿಗೂ ಹೇಳಿದ್ದರು, ಅಲ್ಲವೇ?"

"ಹೌದು."

"ನೀವು ಯಾಕೆ ತೆರೆದಿದ್ದಿರಿ?"

ಕಿವಿಯ ವಿಷಯ ಹೇಳಿದೆ.

"ಅಂದರೆ ನೀವು ಪೂರ್ತಿಯಾಗಿ ಅಭ್ಯಾಸದೊಳಗೆ ಇರಲಿಲ್ಲ."

"ಇರಲಿಲ್ಲ. ಅದಕ್ಕೇ ನೋಡಿದೆ."

"ಉಳಿದ ಯಾರೂ ಅಂಥದ್ದನ್ನು ಕಂಡಿಲ್ಲ ಎನ್ನುತ್ತಿದ್ದಾರೆ."

"ಕಾಣಲಿಲ್ಲ ಎಂದಿರಬಹುದು. ಆಕೆ ನೋ ಎಂದದ್ದು ಕೇಳಿಸಿತೇ ಎಂದು ಅವರನ್ನು ನೀವು ಕೇಳಿದಿರಾ?"

ಅಧ್ಯಕ್ಷೆ ಪಕ್ಕದವರ ಮುಖ ನೋಡಿದರು. "ಸದ್ಯಕ್ಕೆ ಕಂಡದ್ದರ ಮಟ್ಟಿಗೇ ಮಾತಾಡೋಣ" ಎಂದರು.

ಕಂಡವಳು ನಾನೊಬ್ಬಳೇ. ನಾನು ಕಂಡದ್ದೇ ಅವರ ಮಟ್ಟಿಗೆ ಅಶಿಸ್ತು. ಕೋಣೆ ತುಂಬ ಜನರಿಗೆ ಕಣ್ಣು ಮುಚ್ಚಿಸಿ ಕೆಲಸ ಮಾಡಿದವರು ಶಿಸ್ತಿನವರಾದರು. ಅವರು ಕೊಟ್ಟ ಚಹಾವನ್ನು ಕುಡಿಯದೆ ಮೇಜಿನ ಮೇಲಿಟ್ಟು ಎದ್ದೆ.

ತೀರ್ಪು ಬಂತು. ಯಾರದೂ ತಪ್ಪಿಲ್ಲ, ಇಬ್ಬರ ನಡುವೆ ಆದ ತಪ್ಪು ತಿಳಿವಳಿಕೆಯಂತೆ. ಆದರೂ ಬಾಯಿಯ ಹೆಸರು ಪಟ್ಟಿಯಲ್ಲಿ ಉಳಿಯಬೇಕಾದರೆ ಅವರು ಸುರಕ್ಷಿತ ಅಭ್ಯಾಸದ ಬಗ್ಗೆ ಒಂದು ದಿನದ ಕಲಿಕೆಗೆ ಬರಬೇಕು. ಆ ವರ್ಷ ಅಂಥದ್ದು ಇದ್ದದ್ದೇ ಒಂದು. ಕಲಿಸುವವರು ಯಾರು ಎಂದು ಫೋನ್ ಮಾಡಿ ಕೇಳಿದೆ. ಅದೇ ಗುರುಗಳ ಹೆಸರು ಹೇಳಿದರು. ಇನ್ನೊಮ್ಮೆ ಕೇಳಿದೆ. ಫೋನ್ ಎತ್ತಿದ ಸಂಘದ ಹೆಣ್ಣುಮಗಳು ಇನ್ನೊಮ್ಮೆಯೂ ಅದನ್ನೇ, ಅಷ್ಟೇ ಉಲ್ಲಾಸದಿಂದ ಹೇಳಿದಳು.

"ಎಂತ ಮರ್ಯಾದಿ ಮಾರಾಯ್ರೆ ಇವರದ್ದು! ಇನ್ನೊಂದು ಕಾಲು ಉಂಟಲ್ಲ, ಅದನ್ನೂ ತಂದು ಕೊಡ್ಬೇಕಂತೆ" ಎಂದು ಬಾಯಿ ನಕ್ಕರು. ಆ ನಗುವಿನ ನಡುವೆಯೇ ಅತ್ತರು. "ಹೋಗುದಿಲ್ಲ ಅಕ್ಕ. ಹಾಲ್ ಹೋಗ್ಲಿ."

ಹಾಲ್ ಹೋಯಿತು.

ಮರುವರ್ಷದ ಬೇಸಿಗೆಯಲ್ಲಿ ಟೂಟಿಂಗ್‌ಗೆ ಹೋದಾಗ ಅವರ ಮನೆಯ ಮುಂದಿನ ಕೋಣೆಯಲ್ಲಿ ಸೋಫಾವನ್ನು ಗೋಡೆಗೆ ಒತ್ತಿ, ಊಟದ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು. ಚರ್ಚಿನ ಹೆಂಗಸರಲ್ಲಿ ಅರ್ಧದಷ್ಟು ಜನ ಬಂದಿದ್ದರು. ಉಳಿದವರಿಗೆ ಪಟ್ಟಿಯಲ್ಲಿಲ್ಲದವರ ಬಳಿ ಕಲಿಯಲು ಹೆದರಿಕೆ. ಬಾಯಿ ಒಂದು ಮಗ್ಗುಲಿಗೆ ದಿಂಬು ಕೊಟ್ಟುಕೊಂಡು ಕುಳಿತಿದ್ದರು.

"ನೀವು ನೋಡಿದ್ದು ಒಳ್ಳೆದಾಯ್ತು ಅಕ್ಕ" ಎಂದರು, ಎಲ್ಲರೂ ಕೂರುವುದರೊಳಗೆ, ತಗ್ಗಿದ ದನಿಯಲ್ಲಿ. "ಇಲ್ಲದಿದ್ರೆ ನಾನೇ ನಂಬ್ತಿದ್ದೆ, ನನ್ನದೇ ತಪ್ಪು ಅಂತ. ಅಷ್ಟು ಚಂದ ಮಾಡಿ ಹೇಳಿದ್ದರು ಅವರು."

ತರಗತಿಯ ಕೊನೆಗೆ ಒಬ್ಬ ಅಜ್ಜಿ ಕಣ್ಣು ಮುಚ್ಚಿದರು. "ಕಣ್ಣು ಬಿಡಿ ಬಾಯಮ್ಮ, ನಿದ್ದೆ ಮನೆಗೆ ಹೋಗಿ ಮಾಡಿ" ಎಂದು ಬಾಯಿ ಎಲ್ಲರನ್ನೂ ನಗಿಸಿದರು. ಆ ಅಜ್ಜಿಯ ಒಂದು ಭುಜ ಕಿವಿಯತ್ತ ಎತ್ತಿಕೊಂಡಿತ್ತು. ಬಾಯಿ ಕುಂಟುತ್ತಾ ಎದ್ದು ಹೋಗಿ ಅವರ ಮುಂದೆ ನಿಂತು ಕೈ ಚಾಚಿದರು. ಕೈಯನ್ನು ಅಲ್ಲೇ ನಿಲ್ಲಿಸಿ ಕೇಳಿದರು:

"ಮುಟ್ಲಾ?"

"ಬೇಡ, ನೋಯ್ತದೆ" ಎಂದರು ಅಜ್ಜಿ.

ಬಾಯಿ ಕೈ ಹಿಂದೆಗೆದುಕೊಂಡರು. ಇಷ್ಟೇ ಇದ್ದದ್ದು ಕಲಿಯಲು. ಅದಕ್ಕೆ ಒಂದು ಉಸಿರಿನಷ್ಟು ಹೊತ್ತೂ ಹಿಡಿಯಲಿಲ್ಲ.